ಹಿಂದಿನ ಸೀಟಿನ ವರದಿ

ಹಳೆಯ ಕಾರನ್ನು ನೋಡಲು ಹೋದವರು ಮೊದಲು ಬಾನೆಟ್ ಎತ್ತಬೇಡಿ. ಹತ್ತು ಹೆಜ್ಜೆ ಹಿಂದೆ ನಿಂತು, ಅದು ನೆಲದ ಮೇಲೆ ಹೇಗೆ ನಿಂತಿದೆ ಎಂದು ನೋಡಿ. ಒಂದು ಕಡೆಗೆ ವಾಲಿದೆಯೇ, ಹಿಂಭಾಗ ಕುಸಿದಿದೆಯೇ, ಮುಂದಿನ ಎರಡು ಚಕ್ರಗಳೂ ಒಂದೇ ದಿಕ್ಕಿಗೆ ನೋಡುತ್ತಿವೆಯೇ. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ನೀವು ಬರುವ ಮೊದಲೇ ಯಾರೋ ಎಂಜಿನ್ ಓಡಿಸಿ ಇಟ್ಟಿದ್ದಾರೆ. ತಣ್ಣಗಿದ್ದಾಗ ಅದು ಎಷ್ಟು ಕೆಮ್ಮಿ ಸ್ಟಾರ್ಟ್ ಆಗುತ್ತದೆ ಎಂಬುದನ್ನು ನೀವು ನೋಡುವುದು ಅವರಿಗೆ ಬೇಕಿಲ್ಲ. ಜಗಳ ಮಾಡಬೇಡಿ. ಕಾಫಿ ಕುಡಿಯಿರಿ, ಊಟ ಮಾಡಿ, ಅವರ ಮನೆಯ ವಿಚಾರ ಕೇಳಿ. ಕಾರು ತಣಿಯುತ್ತದೆ.

ಈ ಕೆಲಸವನ್ನು ನಾನು ಮೂವತ್ತೊಂದು ವರ್ಷ ಮಾಡಿದೆ. ಮೈಸೂರಿನ ಒಂದು ಸಂಸ್ಥೆಯಲ್ಲಿ ಹಳೆಯ ವಾಹನಗಳ ತಪಾಸಕ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗಿದ್ದವು. ಯಾರಾದರೂ ಹಳೆಯ ಕಾರು ಕೊಳ್ಳುವಾಗ ನಾನು ಹೋಗಿ ನೋಡಿ, ಓಡಿಸಿ, ವರದಿ ಬರೆಯಬೇಕು. ಅದನ್ನು ನಂಬಿ ಜನ ಕೊಳ್ಳುತ್ತಿದ್ದರು, ಇಲ್ಲವೇ ಬಿಡುತ್ತಿದ್ದರು. ಈಗ ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಅವರಿಗೆ ಉಪಯೋಗವಾದರೆ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಯಾವ ಕಂಪನಿಯ ಕಾರು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಇಲ್ಲಿ ಹುಡುಕಬೇಡಿ. ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಹತ್ತು ವರ್ಷ ಓಡಿದ ಮೇಲೆ ಕಾರಿನಲ್ಲಿ ಕಂಪನಿಯ ಕೈಗಿಂತ ಓಡಿಸಿದವರ ಕೈಯೇ ಹೆಚ್ಚು ಕಾಣುತ್ತದೆ. ಒಂದೇ ದಿನ ಒಂದೇ ಶೋರೂಮಿನಿಂದ ಹೊರಟ ಎರಡು ಕಾರುಗಳನ್ನು ಹನ್ನೆರಡು ವರ್ಷದ ನಂತರ ಅಕ್ಕಪಕ್ಕ ನಿಲ್ಲಿಸಿ ನೋಡಿದ್ದೇನೆ. ಒಂದು ಇನ್ನೂ ಮದುವೆಗೆ ಹೊರಟ ಹಾಗಿತ್ತು, ಇನ್ನೊಂದನ್ನು ತಳ್ಳಿ ತಂದಿದ್ದರು.

ನನ್ನ ತಂದೆ ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೇರೆಯವರ ಬ್ಯಾರನ್ನಿಗೆ ಬೆಂಕಿ ಹಾಕುತ್ತಿದ್ದರು. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಮಹಡಿ ಮಹಡಿಯಾಗಿ ನೇತುಹಾಕಿ, ಕೆಳಗಿನಿಂದ ಶಾಖ ಕೊಟ್ಟು ಹದ ಮಾಡುವ ಎತ್ತರದ ಮನೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಅದರ ಗೋಡೆಗೆ ಆತುಕೊಂಡಿದ್ದ ಒಂದು ಕೋಣೆಯಲ್ಲಿ ನಾನು ಬೆಳೆದೆ. ನಮ್ಮ ಮನೆಯಲ್ಲಿ ಡಿಗ್ರಿ ಎಂದರೆ ಬ್ಯಾರನ್ನಿನ ಥರ್ಮಾಮೀಟರಿನಲ್ಲಿ ನೋಡುವಂಥದ್ದು, ಅಷ್ಟೇ. ಆ ಕೋಣೆಯಿಂದ ಹೊರಟು ಮೆಕ್ಯಾನಿಕಲ್ ಬಿ.ಇ. ಮಾಡಿದೆ. ಗಣಿತದಲ್ಲಿ ಎರಡು ಸಲ ಬಿದ್ದೆ, ಮೂರನೆಯ ಸಲ ಎದ್ದೆ. ಮೊದಲ ವರ್ಷ ಪಾಠ ಮಾಡುವವರ ಇಂಗ್ಲಿಷು ತಿಳಿಯದೆ ಬರೀ ಬೋರ್ಡಿನ ಚಿತ್ರಗಳನ್ನು ಬರೆದುಕೊಂಡು ಬರುತ್ತಿದ್ದೆ. ಆ ಚಿತ್ರಗಳೇ ಕೊನೆಗೆ ಕೈ ಹಿಡಿದವು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳುವಾಗ ದನಿ ತಗ್ಗಿಸುವ ಅಭ್ಯಾಸ ನನಗಿಲ್ಲ.

ಆದರೆ ಊರಿನವರಿಗೆ ನನ್ನ ಕೆಲಸ ಏನೆಂದು ಬಹಳ ದಿನ ತಿಳಿಯಲಿಲ್ಲ. ಒಮ್ಮೆ ಸಂತೆಯ ಪಕ್ಕದಲ್ಲಿ ಒಂದು ಜೀಪಿನ ಕೆಳಗೆ ಮಲಗಿದ್ದಾಗ ನಮ್ಮೂರಿನ ಹಿರಿಯರೊಬ್ಬರು ಬಗ್ಗಿ ನೋಡಿದರು.

“ಏನ್ಲಾ, ಇಂಜಿನಿಯರ್ ಓದಿದ್ದು ಇಂಗೆ ಮಣ್ಣಲ್ಲಿ ಉಳ್ಳಾಡಕ್ಕಾ? ನಿಮ್ಮಪ್ಪ ಬೂದಿ ಬಳ್ಕಂಡ, ನೀನು ಗ್ರೀಸ್ ಬಳ್ಕತಿದ್ದೀಯಲ್ಲ!”

“ಗ್ರೀಸ್ ಎಲ್ಲಿ ಬಳೀಬೇಕು ಅನ್ನಕ್ಕೆ ನಾಕು ವರ್ಷ ಓದ್ಬೇಕು ಕಣಣ್ಣ,” ಎಂದೆ.

ನಾಲ್ಕಲ್ಲ, ಐದೂವರೆ. ಆ ಗಣಿತದ ಲೆಕ್ಕ ಅವರಿಗೆ ಹೇಳಲಿಲ್ಲ.

ನನಗೆ ಕೆಲಸ ಕಲಿಸಿದವರು ನಾಗರಾಜಯ್ಯನವರು, ನನ್ನ ಮೊದಲ ಮೇಲಧಿಕಾರಿ. ಸಣ್ಣ ಆಳು, ಕಡಿಮೆ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪಲಾಪುರದಲ್ಲಿ ಒಂದು ಹಳೆಯ ಟ್ಯಾಕ್ಸಿ ನೋಡಲು ನನ್ನ ಜೊತೆ ಬಂದಿದ್ದರು. ನಾನು ಅದನ್ನು ಪಿರಿಯಾಪಟ್ಟಣದವರೆಗೆ ಓಡಿಸಿ, ಗೇರು ಸಲೀಸು, ಬ್ರೇಕು ನೇರ, ಎಂಜಿನ್ ದನಿ ಒಂದೇ ಸಮ ಎಂದು ಖುಷಿಯಾಗಿ ಬರೆದುಕೊಂಡೆ. ಅವರು ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿದೆ ಎಂದುಕೊಂಡಿದ್ದೆ.

“ಏನು ಬರೆದ್ರಿ?” ಎಂದರು, ಕಣ್ಣು ತೆರೆಯದೆ.

“ಎಲ್ಲಾ ಸರಿಯಾಗಿದೆ ಸಾರ್.”

“ಎಡಗಡೆ ಹಿಂದಿನ ಚಕ್ರದ ಬೇರಿಂಗ್ ಗೊರಗುಡ್ತಾ ಇದೆ. ಬಲಕ್ಕೆ ತಿರುಗಿದಾಗ ಜಾಸ್ತಿ, ಎಡಕ್ಕೆ ತಿರುಗಿದಾಗ ಕಡಿಮೆ. ನೀವು ಕೇಳಿಸ್ಕೊಳ್ಳಲಿಲ್ಲ.”

ಜಾಕ್ ಹಾಕಿ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದೆವು. ಗೊರಗುಟ್ಟಿತು.

“ಸ್ಟೇರಿಂಗ್ ಹಿಡಿದವನಿಗೆ ತಾನು ಏನು ಮಾಡ್ತಿದ್ದೀನಿ ಅನ್ನೋದರ ಮೇಲೇ ಗಮನ. ಹಿಂದೆ ಕೂತವನಿಗೆ ಕಾರು ಏನು ಮಾಡ್ತಿದೆ ಅನ್ನೋದು ಗೊತ್ತಾಗುತ್ತೆ. ಓಡಿಸಿ ಆದ ಮೇಲೆ ಬೇರೆಯವರ ಕೈಗೆ ಕೊಟ್ಟು, ಹಿಂದೆ ಕೂತು ಒಂದು ಸುತ್ತು ಬನ್ನಿ. ಆಮೇಲೆ ಸಹಿ ಮಾಡಿ.”

ನಾನು ಕಲಿತದ್ದರಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಮುಂದೆ ಒಂದು ದಿನ ಇದನ್ನೇ ಮರೆತೆ. ಅದನ್ನು ಹೇಳಲೆಂದೇ ಇಷ್ಟು ಬರೆದದ್ದು.

ಅದಕ್ಕೆ ಮುಂಚೆ ಕೆ.ಆರ್. ನಗರದ ಒಂದು ಕಾರಿನ ವಿಚಾರ ಹೇಳಬೇಕು, ಏಕೆಂದರೆ ಅದರಿಂದ ನನಗೆ ಹೆಸರು ಬಂತು. ಹೊಸ ಸೀಟ್ ಕವರು, ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ, ಒಳಗೆಲ್ಲ ಸೆಂಟಿನ ವಾಸನೆ. ಅಷ್ಟು ಸೆಂಟು ಹೊಡೆದಿದ್ದಾರೆಂದರೆ ಕೆಳಗೆ ಏನೋ ಇದೆ ಎಂದು ಮ್ಯಾಟ್ ಎತ್ತಿದೆ. ಮುಂದಿನ ಸೀಟಿನ ಅಡಿಯಲ್ಲಿ, ಒಣಗಿ ಬಿರುಕು ಬಿಟ್ಟ ಮಣ್ಣಿನ ನಡುವೆ, ಬೆರಳುದ್ದದ ಭತ್ತದ ಪೈರು ಬಂದಿತ್ತು. ಕಾರು ನಾಲೆಗೆ ಬಿದ್ದು ಎದ್ದದ್ದು.

“ಮಳೇಲಿ ಗ್ಲಾಸ್ ಏರ್ಸೋದು ಮರ್ತಿದ್ದೆ ಕಣ್ ಸಾ,” ಎಂದರು ಮಾಲೀಕರು.

“ಮಳೆ ಜೊತೆ ಮಣ್ಣು ಬರಲ್ಲ ಗೌಡ್ರೆ. ಇನ್ನೊಂದೆರಡ್ ತಿಂಗ್ಳು ಬುಟ್ಟಿದ್ರೆ ಕುಯ್ಲಿಗೆ ಬತ್ತಿತ್ತು.”

ಆ ಮಾತು ನಾಲ್ಕು ತಾಲ್ಲೂಕಿನಲ್ಲೂ ಓಡಾಡಿತು. ಅಂದಿನಿಂದ ಜನ ನನ್ನ ಹೆಸರು ಬಿಟ್ಟು ‘ಇಂಜಿನಿಯರ್ ಸಾ’ ಎಂದೇ ಕರೆದರು. ನಾನು ‘ಸರಿ’ ಎಂದ ಕಾರು ಸರಿ, ‘ಬೇಡ’ ಎಂದದ್ದು ಬೇಡ. ಹೀಗೆ ಬಹಳ ವರ್ಷ ನಡೆದರೆ ಮನುಷ್ಯನಿಗೆ ಏನಾಗಬಾರದೋ ಅದು ನನಗೂ ಆಯಿತು. ನನ್ನನ್ನು ನಾನು ಪರೀಕ್ಷೆ ಮಾಡಿಕೊಳ್ಳುವುದನ್ನು ನಿಲ್ಲಿಸಿದೆ.

ಈ ನಡುವೆ ಕೆಲಸದ ರೀತಿಯೂ ಬದಲಾಯಿತು. ಮೊದಲು ಕಾರ್ಬನ್ ಕಾಗದ ಇಟ್ಟು ಮೂರು ಪ್ರತಿ ಬರೆಯುತ್ತಿದ್ದೆವು. ಆಮೇಲೆ ಫೋನಿನಲ್ಲಿ ಆ್ಯಪ್ ಬಂತು. ಇಂತಿಂಥ ಕಡೆಯ ಫೋಟೋ ತೆಗೆ, ಹೌದು ಅಥವಾ ಇಲ್ಲ ಒತ್ತು, ಕೊನೆಗೆ ಕಳಿಸು. ಒಳ್ಳೆಯದೇ. ನನ್ನ ಕೈಬರಹ ಓದಲಾಗದೆ ಮೈಸೂರಿನವರು ಬೈಯುವುದು ತಪ್ಪಿತು. ಆದರೆ ಆ್ಯಪ್ ಕೇಳಿದ್ದನ್ನು ಮಾತ್ರ ನೋಡುವ ಚಾಳಿಯೂ ಅದರ ಜೊತೆ ಬಂತು. ಕಾರಿನ ಅಡಿಭಾಗಕ್ಕೆ ಒಂದು ಫೋಟೋ ಕೇಳುತ್ತಿತ್ತು. ಬಗ್ಗಿ ಫೋನು ತೂರಿಸಿ ಒತ್ತಿದರೆ ಮುಗಿಯಿತು, ಮಲಗಬೇಕಾಗಿಲ್ಲ.

ನಿವೃತ್ತಿಗೆ ಎರಡು ವರ್ಷ ಇದ್ದಾಗಿನ ಮಾತು. ಹುಣಸೂರಿನಲ್ಲಿ ನಾನು ಪಿ.ಯು. ಓದಿದ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ನನಗೂ ಶಾಲು, ಹಾರ. ಹೊಸ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಪ್ರಿನ್ಸಿಪಾಲರು ಮೈಕಿನಲ್ಲಿ, “ಇವರು ಬ್ಯಾರನ್ನಿನ ಪಕ್ಕದ ಕೋಣೆಯಿಂದ ಬಂದವರು” ಎಂದಾಗ ಎದೆ ತುಂಬಿತು. ಅಲ್ಲಿಂದ ನೇರವಾಗಿ, ಶಾಲನ್ನು ಹೆಗಲ ಮೇಲೇ ಹಾಕಿಕೊಂಡು, ಶಿವಣ್ಣನ ಯಾರ್ಡಿಗೆ ಹೋದೆ. ಶಿವಣ್ಣ ಹುಣಸೂರಿನಲ್ಲಿ ಹಳೆಯ ಕಾರು ಮಾರುವವನು. ವಿಭೂತಿ ಇಡದೆ ಅಂಗಡಿ ಬಾಗಿಲು ತೆಗೆಯದ ಮನುಷ್ಯ. ನನ್ನೊಡನೆ ಇಪ್ಪತ್ತು ವರ್ಷದ ಪರಿಚಯ.

ಅಲ್ಲಿ ಇಬ್ಬರು ಕಾಯುತ್ತಿದ್ದರು. ಕೋಟೆ ತಾಲ್ಲೂಕಿನ, ಹುಣಸೂರಿಗೆ ಹತ್ತಿರದ ಹಳ್ಳಿಯೊಂದರ ಜಯಮ್ಮ, ಅವರ ಗಂಡ ಸ್ವಾಮೇಗೌಡರು. ಹಿಂದಿನ ವರ್ಷ ಬ್ಯಾರನ್ನಿನ ಮೇಲಿನ ಮಹಡಿಗೆ ಕಡ್ಡಿ ಏರಿಸುವಾಗ ಅಡ್ಡಮರ ಜಾರಿ ಗೌಡರು ಕೆಳಕ್ಕೆ ಬಿದ್ದಿದ್ದರು. ಬೆನ್ನುಮೂಳೆಗೆ ಆಪರೇಷನ್ ಆಗಿತ್ತು. ವಾರಕ್ಕೆ ಎರಡು ದಿನ ಮೈಸೂರಿಗೆ ಹೋಗಿ ವ್ಯಾಯಾಮದ ಚಿಕಿತ್ಸೆ ಮಾಡಿಸಿಕೊಂಡರೆ ನಡೆಯುವ ಹಾಗೆ ಆಗುತ್ತದೆ, ತಪ್ಪಿಸಿದರೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಕೂರಲು ಆಗದು. ಬಾಡಿಗೆ ಕಾರು ಕರೆದ ದಿನ ಸಿಕ್ಕದು. ಅರ್ಧ ತಿಂಗಳು ಚಿಕಿತ್ಸೆ ತಪ್ಪಿಹೋಗಿತ್ತು. ಜಯಮ್ಮ ಹುಣಸೂರಿಗೆ ದಿನಾ ಬಂದು ಡ್ರೈವಿಂಗ್ ಕಲಿತು ಲೈಸೆನ್ಸು ತೆಗೆದುಕೊಂಡಿದ್ದರು. ಈಗ ಒಂದು ಕಾರು ಬೇಕಿತ್ತು. ಗೌಡರು ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ಬೆಂಚಿನ ಮೇಲೆ ಒಂದು ಪಕ್ಕಕ್ಕೆ ಒರಗಿದ್ದರು.

“ನೀವು ಏಳಿದ್ದೇ ತಗೋತೀವಿ ಸಾ,” ಎಂದರು ಜಯಮ್ಮ. “ನಂಗೆ ಓಡ್ಸಕ್ಕೆ ಬತ್ತದೆ, ಆರಿಸಕ್ಕೆ ಬರಕಿಲ್ಲ.”

ಎರಡು ಕಾರುಗಳಿದ್ದವು. ಒಂದು ಬೆಳ್ಳಿ ಬಣ್ಣದ ಡೀಸೆಲ್, ಹತ್ತು ವರ್ಷದ್ದು, ಪಾಲಿಶ್ ಮಾಡಿ ಕನ್ನಡಿ ಮಾಡಿಟ್ಟಿದ್ದರು. ಇನ್ನೊಂದು ಬಿಳಿ ಪೆಟ್ರೋಲ್, ಹದಿಮೂರು ವರ್ಷದ್ದು, ಕೆ.ಆರ್. ನಗರದ ನಿವೃತ್ತ ಹೆಡ್‌ಮಾಸ್ಟರೊಬ್ಬರದು. ಬಣ್ಣ ಮಾಸಿತ್ತು. ಎಡಗಡೆ ಬಾಗಿಲಿನಲ್ಲಿ, ಯಾವುದೋ ಗೇಟಿಗೆ ಉಜ್ಜಿದ ಉದ್ದನೆಯ ಗೀರು.

ನಾನು ಎರಡನ್ನೂ ನನ್ನ ಮಾಮೂಲಿ ದಾರಿಯಲ್ಲಿ ಓಡಿಸಿದೆ. ಹುಣಸೂರಿನಿಂದ ಬಿಳಿಕೆರೆಯವರೆಗೆ ಹೆದ್ದಾರಿ, ಅಲ್ಲಿಂದ ಕೆ.ಆರ್. ನಗರದ ಕಡೆ ತಿರುಗಿ ಸ್ವಲ್ಪ ದೂರ, ಮತ್ತೆ ವಾಪಸ್. ಹೆದ್ದಾರಿಯಲ್ಲಿ ಎಳೆತ ಗೊತ್ತಾಗುತ್ತದೆ, ಊರೊಳಗಿನ ಹಂಪುಗಳಲ್ಲಿ ಸಸ್ಪೆನ್ಷನ್, ತಿರುವುಗಳಲ್ಲಿ ಹಿಡಿತ. ಜಯಮ್ಮ ಪಕ್ಕದಲ್ಲಿ ಕೂತಿದ್ದರು. ಗೌಡರು ತಾವೂ ಬರುತ್ತೇನೆಂದು ಎದ್ದರು.

“ನೀವ್ಯಾಕೆ ನೋವು ತಿಂತೀರಿ, ಕೂತಿರಿ ಗೌಡ್ರೆ. ನಾನು ನೋಡಿ ಹೇಳ್ತೀನಿ,” ಎಂದೆ. ಕಾಯಿಲೆಯವರನ್ನು ಅಲುಗಾಡಿಸಬಾರದು ಎಂಬುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಯೇ ಅವತ್ತಿನ ಮೊದಲ ತಪ್ಪು.

ಬೆಳ್ಳಿ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎರಡನೇ ಗೇರಿನಲ್ಲೇ ಬೆನ್ನು ಸೀಟಿಗೆ ಒತ್ತುವಂಥ ಎಳೆತ. ಲಾರಿ ದಾಟಲು ಗೇರು ಇಳಿಸಬೇಕಾಗಿರಲಿಲ್ಲ. ತಿರುವಿನಲ್ಲಿ ವಾಲುತ್ತಲೇ ಇರಲಿಲ್ಲ, ಹಗ್ಗ ಬಿಗಿದ ಮಂಚದ ಹಾಗೆ ಗಟ್ಟಿ. ಸ್ಟೇರಿಂಗ್ ತಿರುಗಿಸಿದಷ್ಟೇ ತಿರುಗುತ್ತಿತ್ತು. ಬಿಳಿ ಕಾರು ಅದರ ಮುಂದೆ ಮುದುಕ. ಎ.ಸಿ. ಹಾಕಿದರೆ ಏರಿನಲ್ಲಿ ಎರಡನೇ ಗೇರಿಗೆ ಇಳಿಯುತ್ತಿತ್ತು. ತಿರುವಿನಲ್ಲಿ ಮೈ ವಾಲಿಸುತ್ತಿತ್ತು. ಸ್ಟೇರಿಂಗಿನಲ್ಲಿ ಎರಡು ಬೆರಳಷ್ಟು ಸಡಿಲ, ನಮ್ಮ ಮಾತಿನಲ್ಲಿ ಆಟ, ಇತ್ತು. ಬ್ರೇಕು ಮಾತ್ರ ನೇರ, ಕ್ಲಚ್ಚು ಬೆಣ್ಣೆ.

ವಾಪಸ್ ಬಂದು ಅಡಿಭಾಗ ನೋಡಬೇಕು. ಹಿಂದಿನ ದಿನ ಮಳೆಯಾಗಿ ಯಾರ್ಡು ಕೆಸರಾಗಿತ್ತು. ಬಿಳಿ ಅಂಗಿಯನ್ನೊಮ್ಮೆ ನೋಡಿಕೊಂಡೆ. ಬಗ್ಗಿ, ಫೋನು ತೂರಿಸಿ, ಒಂದು ಫೋಟೋ ಒತ್ತಿದೆ. ಸೈಲೆನ್ಸರು ಬಂತು. ಆ್ಯಪ್ ಹಸಿರು ಗುರುತು ತೋರಿಸಿತು. ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಬರುವುದಂತೂ ನೆನಪಿಗೇ ಬರಲಿಲ್ಲ. ಬೆಳ್ಳಿ ಕಾರು ಉತ್ತಮ ಎಂದು ಬರೆದು ಕಳಿಸಿಬಿಟ್ಟೆ.

ಶಿವಣ್ಣ ಚೆಂಡು ಹೂವಿನ ಹಾರ ತಂದು ಬಾನೆಟ್ಟಿಗೆ ಹಾಕಿದ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ. ಜಯಮ್ಮ ಗಂಡನ ದಿಂಬು ಹಿಡಿದು ಹಿಂದಿನ ಬಾಗಿಲು ತೆರೆದರು. ದಿಂಬಿನ ಅಂಚನ್ನು ಸೀಟಿನ ಸಂದಿಗೆ ಸಿಕ್ಕಿಸುವಾಗ ಅವರ ಕೈ ಅಲ್ಲೇ ನಿಂತಿತು. ಸಂದಿಯೊಳಗಿಂದ ಏನನ್ನೋ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು.

“ಸಾ, ಇಲ್ಲಿ ನೋಡಿ. ಇದು ಸೊಪ್ಪು.”

ಹುಣಸೂರಿನ ಕಾರಿನಲ್ಲಿ ಹೊಗೆಸೊಪ್ಪಿನ ಚೂರು ಸಿಕ್ಕಿದರೆ ಏನು ದೊಡ್ಡದು ಎಂದು ನಕ್ಕೆ. ಜಯಮ್ಮ ನಗಲಿಲ್ಲ. ಅವರು ಹದಿನೈದು ವರ್ಷ ಸೊಪ್ಪು ವಿಂಗಡಿಸುವ ಕೆಲಸ ಮಾಡಿದವರು, ಎಲೆಯನ್ನು ಮುಟ್ಟಿ ದರ್ಜೆ ಹೇಳುವವರು.

“ಮೈಗಂಟ್ಕೊಂಡ್ ಬಂದಿದ್ದಲ್ಲ ಸಾ ಇದು. ಬೇಲ್ ಕಟ್ಟಿ ಅದುಮಿದ್ ಎಲೆ, ನರ ಎಲ್ಲಾ ಒಡ್ದೋಗದೆ. ಈ ಕಾರ್ನಲ್ಲಿ ಸೀಟ್ ಕಿತ್ತು ಬೇಲ್ ಸಾಗ್ಸವ್ರೆ.” ಇನ್ನೊಂದು ಸಲ ಕೈ ಹಾಕಿ ಹಿಡಿಯಷ್ಟು ಪುಡಿ ತೆಗೆದರು. “ಒಂದ್ಸಲ ಎರಡ್ಸಲ ಅಲ್ಲ.”

ಹೊಗೆಸೊಪ್ಪಿನ ಬೇಲು, ಅಂದರೆ ಅದುಮಿ ಕಟ್ಟಿದ ಮೂಟೆ, ಹೊತ್ತ ಕಾರು ಅದರ ವಾಸನೆ ಹೊಡೆಯುತ್ತದೆ. ಬೆಂಗಳೂರಿನಿಂದ ಬಂದವರು ಬಾಗಿಲು ತೆಗೆದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಆ ಕಾರಿನಲ್ಲಿ ಬಿಳಿಕೆರೆಗೆ ಹೋಗಿ ಬಂದಿದ್ದೆ, ನನ್ನ ಮೂಗಿಗೆ ಏನೂ ತಿಳಿದಿರಲಿಲ್ಲ. ನನ್ನ ಮುಖ ನೋಡಿ ಜಯಮ್ಮನೇ ಹೇಳಿದರು:

“ನಂಗೂ ವಾಸ್ನೆ ಗೊತ್ತಾಗ್ಲಿಲ್ಲ ಕಣ್ ಸಾ. ನಮ್ಗೆ ಅದು ಮನೆ ಗಾಳಿ ಇದ್ದಂಗೆ. ಕೈಗ್ ಗೊತ್ತಾಯ್ತು ಅಷ್ಟೇಯ.”

ಆ ಕ್ಷಣ ನನ್ನ ತಲೆಯೊಳಗೆ ಕಾರು ಪೂರ್ತಿ ಬಿಚ್ಚಿಕೊಂಡಿತು. ವರ್ಷಗಟ್ಟಲೆ ಬೇಲು ಹೊತ್ತ ಕಾರಿನ ಹಿಂದಿನ ಸ್ಪ್ರಿಂಗುಗಳು ಸೋತು, ಹಿಂಭಾಗ ಕುಸಿದಿರಬೇಕು. ಇದು ಕುಸಿದಿಲ್ಲ, ತಲೆಯೆತ್ತಿ ನಿಂತಿದೆ. ಯಾಕೆ? ತಿರುವಿನಲ್ಲಿ ಅಷ್ಟು ಬಿಗಿಯಾಗಿತ್ತಲ್ಲ, ಯಾಕೆ? ಹೆಗಲ ಮೇಲಿನ ಶಾಲು ತೆಗೆದು ಕೆಸರಿನ ಮೇಲೆ ಹಾಸಿದೆ.

“ಅಯ್ಯೋ ಸಾ, ಸನ್ಮಾನದ್ ಶಾಲು!” ಎಂದ ಶಿವಣ್ಣ.

ಮಲಗಿ ಒಳಗೆ ತೂರಿದೆ. ಹಿಂದಿನ ಎರಡೂ ಸ್ಪ್ರಿಂಗುಗಳ ಸುರುಳಿಗಳ ನಡುವೆ ದಪ್ಪನೆಯ ರಬ್ಬರ್ ತುಂಡುಗಳನ್ನು ಹೊಡೆದು ಕೂರಿಸಿದ್ದರು. ಕುಸಿದ ಕಾರನ್ನು ಎತ್ತಿ ನಿಲ್ಲಿಸುವ ಉಪಾಯ ಅದು. ಮುಂದೆ ಕೂತು ಓಡಿಸುವವನಿಗೆ ಬಿಗಿಯಾಗಿ ಚೆನ್ನಾಗಿರುತ್ತದೆ. ಹಿಂದೆ ಕೂತವನಿಗೆ ಸ್ಪ್ರಿಂಗೇ ಇಲ್ಲ. ಪ್ರತಿ ಗುಂಡಿಯ ಏಟೂ ನೇರ ಬೆನ್ನುಮೂಳೆಗೆ.

ಆ ಬೆನ್ನುಮೂಳೆ ಬೆಂಚಿನ ಮೇಲೆ ಒರಗಿಕೊಂಡು ನನ್ನ ವರದಿಗಾಗಿ ಕಾಯುತ್ತಿತ್ತು. ಒಂದು ವಾರ ಈ ಕಾರಿನಲ್ಲಿ ಹೋಗಿ ಬಂದರೆ, ಇನ್ನು ಮೈಸೂರಿಗೆ ಬರುವುದಿಲ್ಲ ಎಂದು ಗೌಡರೇ ಹೇಳಿಬಿಡುತ್ತಿದ್ದರು. ಕಾರಿನ ಕೆಳಗೆ ಮಲಗಿಕೊಂಡೇ ನನಗೆ ನಾಚಿಕೆಯಾಯಿತು.

ಹೊರಗೆ ಬಂದಾಗ ಶಿವಣ್ಣನ ಮುಖ ಬಿಳಿಚಿತ್ತು. “ದ್ಯಾವ್ರಾಣೆ ನಂಗೊತ್ತಿರ್ಲಿಲ್ಲ ಸಾ. ನಾನು ತಗಳವಾಗ್ಲೇ ಇಂಗೇ ನಿಂತಿತ್ತು.” ಅದು ನಿಜವೇ ಇರಬೇಕು. ಆಮೇಲೆ ತಗ್ಗಿದ ದನಿಯಲ್ಲಿ, “ನೀವು ಕಳ್ಸಿ ಆಗೋಗದೆ. ಆ ರಬ್ಬರ್ ತೆಗುಸ್ಬುಡ್ತೀನಿ, ಯಾರ್ಗೂ ಗೊತ್ತಾಗಕಿಲ್ಲ ಬುಡಿ,” ಎಂದ.

“ತೆಗೆದ್ರೆ ಹಿಂದ್ಗಡೆ ಕುಸೀತದೆ ಶಿವಣ್ಣ. ನಂಗ್ ಗೊತ್ತಾಯ್ತಲ್ಲ, ಅದು ಸಾಲದಾ?”

ಆ್ಯಪ್‌ನಲ್ಲಿ ಕಳಿಸಿದ ವರದಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಮೈಸೂರಿಗೆ ಫೋನು ಮಾಡಿದೆ. ಆಗಿನ ಮ್ಯಾನೇಜರು ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು, ಒಳ್ಳೆಯವರು.

“ಸಾರ್, ನಿಮ್ಮ ರೆಕಾರ್ಡಿನಲ್ಲಿ ಇವತ್ತಿನವರೆಗೂ ಒಂದು ತಪ್ಪಿಲ್ಲ. ರದ್ದು ಮಾಡಬೇಕಾದ್ರೆ ಕಾರಣ ಹಾಕಬೇಕು. ‘ಮಾರಾಟಗಾರರಿಂದ ತಪ್ಪು ಮಾಹಿತಿ’ ಅಂತ ಹಾಕಲಾ?”

“ಬೇಡ. ‘ತಪಾಸಕರ ತಪ್ಪು’ ಅಂತ ಹಾಕಿ.”

“ಸಾರ್, ರಿಟೈರ್‌ಮೆಂಟ್ ಹತ್ತಿರ ಇದೆ…”

“ಅದಕ್ಕೇ ಹೇಳ್ತಿದ್ದೀನಿ. ಹಾಕಿ.”

ಶಿವಣ್ಣ, ಜಯಮ್ಮ, ಗೌಡರು, ಮೂವರೂ ಕೇಳಿಸಿಕೊಳ್ಳುತ್ತಿದ್ದರು. ಫೋನು ಇಟ್ಟು ಗೌಡರ ಹತ್ತಿರ ಹೋಗಿ, “ನಾನು ತಪ್ಪು ಮಾಡಿದೆ ಗೌಡ್ರೆ. ನಿಮ್ಮನ್ನ ಬಿಟ್ಟು ಕಾರು ನೋಡಿದೆ. ಮತ್ತೊಂದ್ಸಲ ನೋಡೋಣ, ಈ ಸಲ ನೀವೇ ನೋಡ್ಬೇಕು,” ಎಂದೆ.

ಗೌಡರು ಮೊದಲ ಸಲ ಬಾಯಿ ತೆರೆದು ನಕ್ಕರು. “ಅಲ್ಲಾ ಸಾ, ಆಗ್ಲೇ ಎದ್ದಿದ್ನಲ್ಲ ನಾನು. ನೀವೇ ಕುಂಡ್ರಿಸಿದ್ರಿ.”

ಈಗ ಓಡಿಸಿದ್ದು ಜಯಮ್ಮ, ಏಕೆಂದರೆ ಮುಂದೆ ಓಡಿಸುವವರು ಅವರೇ. ನಾನು ಹಿಂದೆ, ಗೌಡರ ಪಕ್ಕದಲ್ಲಿ. ದಿಂಬು ಅವರ ಸೊಂಟಕ್ಕೆ. ನಾನು ಕಣ್ಣು ಮುಚ್ಚಿದೆ. ನಾಗರಾಜಯ್ಯನವರು ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು; ಅವರು ನನ್ನ ಪಕ್ಕದಲ್ಲೇ ಕೂತ ಹಾಗಿತ್ತು.

ಬೆಳ್ಳಿ ಕಾರಿನಲ್ಲಿ ಮೊದಲ ಹಂಪು ದಾಟುವಾಗಲೇ ಗೌಡರ ಕೈ ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿಯಿತು. ಎರಡನೆಯದರಲ್ಲಿ ಬಾಯಿಂದ ನೋವಿನ ಉಸಿರು ಬಂತು. ಟಾರು ಕಿತ್ತುಹೋದ ತಿರುವಿನಲ್ಲಿ ಕಾರಿನ ಹಿಂಭಾಗ ಕುಪ್ಪಳಿಸಿ ಅರ್ಧ ಅಡಿ ಹೊರಕ್ಕೆ ಜರುಗಿತು. ಹೊಸದಾಗಿ ಕಲಿತ ಜಯಮ್ಮ ಬೆಚ್ಚಿ ಬ್ರೇಕು ಒತ್ತಿದರು. ಮುಂದೆ ಕೂತು ಓಡಿಸಿದಾಗ ನಾನು ಹಿಡಿತ ಎಂದು ಹೊಗಳಿದ್ದು ಇದನ್ನೇ. ಅಲ್ಲಿಂದಲೇ ವಾಪಸ್ ತಿರುಗಿಸಿ ಎಂದೆ.

ಬಿಳಿ ಕಾರು ಹೊರಡುವಾಗ ಒಂದು ಸಲ ಗೊಣಗಿತು. ಹಂಪಿನ ಮೇಲೆ ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯಿತು. ನನ್ನ ತೊಡೆಯ ಮೇಲೆ ಕೈ ಬರಲಿಲ್ಲ. ತಿರುವಿನಲ್ಲಿ ವಾಲಿತು, ಆದರೆ ಎಷ್ಟು ವಾಲುತ್ತದೆ ಎಂದು ಮೊದಲೇ ಹೇಳಿ ವಾಲುವ ಹಾಗೆ ನಿಧಾನವಾಗಿ. ಒಂದು ಟ್ರ್ಯಾಕ್ಟರ್ ದಾಟಲು ಜಯಮ್ಮ ಎ.ಸಿ. ಆಫ್ ಮಾಡಿ ಗೇರು ಇಳಿಸಿದರು. ಎರಡು ಮೈಲಿ ಕಳೆದಿರಬೇಕು.

“ಜಯಾ,” ಎಂದರು ಗೌಡರು, “ಇನ್ನೊಸಿ ದೂರ ಓಗಾನ ಕಣೆ.”

ನಾನು ಕಣ್ಣು ತೆರೆದೆ. ವರದಿ ಆಗಿತ್ತು.

ಹೊಸ ವರದಿಯಲ್ಲಿ ಬಿಳಿ ಕಾರಿನ ದೋಷ ಯಾವುದನ್ನೂ ಮುಚ್ಚಿಡಲಿಲ್ಲ. ಸ್ಟೇರಿಂಗಿನ ಆಟ ತೆಗೆಯಲು ಟೈ ರಾಡ್ ತುದಿಗಳನ್ನು ಬದಲಿಸಬೇಕು, ಏರಿನಲ್ಲಿ ಎ.ಸಿ. ಆಫ್ ಮಾಡಬೇಕು, ಅವಸರ ಇರುವವರಿಗೆ ಈ ಕಾರು ಅಲ್ಲ. ಕೊನೆಯ ಸಾಲಿನಲ್ಲಿ ಆ್ಯಪ್ ಕೇಳದಿದ್ದ ಒಂದು ಮಾತು ಸೇರಿಸಿದೆ: ‘ಹಿಂದಿನ ಸೀಟಿನಲ್ಲಿ ಕೂರುವವರನ್ನೇ ಕೂರಿಸಿ ಪರೀಕ್ಷಿಸಲಾಗಿದೆ.’ ಶಿವಣ್ಣ ಟೈ ರಾಡ್ ತಾನೇ ಹಾಕಿಸಿಕೊಟ್ಟ. ಬೆಳ್ಳಿ ಕಾರಿನ ಹಾರ ಬಿಚ್ಚಿ ಬಿಳಿ ಕಾರಿಗೆ ಹಾಕುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಹೊಸದೇ ತರಿಸಿದ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಎರಡು ಹಳೆಯ ಕಾರುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಹೇಳಬೇಡಿ. ಯಾರು ಓಡಿಸುತ್ತಾರೆ, ಯಾರು ಎಲ್ಲಿ ಕೂರುತ್ತಾರೆ, ಯಾವ ದಾರಿ ಎಂದು ಕೇಳಿ. ಒಬ್ಬ ಗುತ್ತಿಗೆದಾರನಿಗೆ, ಸ್ಪ್ರಿಂಗು ಬದಲಿಸಿಕೊಂಡು ಒಬ್ಬನೇ ಓಡಾಡುವವನಿಗೆ, ಆ ಬೆಳ್ಳಿ ಕಾರೇ ಮೇಲು. ಮುಂದೆ ಹಾಗೇ ಒಬ್ಬರು ಕೊಂಡರು, ನಾನೇ ವರದಿ ಬರೆದೆ. ಇನ್ನೊಂದು ಮಾತು, ನಿಮ್ಮ ಮೂಗು ಯಾವ ಊರಿನದು ಎಂಬುದು ನಿಮಗೆ ಗೊತ್ತಿರಲಿ. ಮನೆಯ ವಾಸನೆ ಹೊಡೆಯುವ ಕಾರನ್ನು ಎರಡು ಸಲ ನೋಡಿ.

ನನ್ನ ರೆಕಾರ್ಡಿನಲ್ಲಿ ‘ತಪಾಸಕರ ತಪ್ಪು’ ಎಂಬ ಒಂದು ಸಾಲು ಹಾಗೇ ಇದೆ. ಬೀಳ್ಕೊಡುಗೆಯ ದಿನ ಮ್ಯಾನೇಜರು ನನ್ನ ಮೂವತ್ತೊಂದು ವರ್ಷವನ್ನು ಓದುವಾಗ ಆ ಸಾಲು ಬಿಟ್ಟು ಓದಿದರು. ನಾನು ಎದ್ದು ಅದನ್ನೂ ಓದಿ ಎಂದೆ. ಬಿ.ಇ. ಸರ್ಟಿಫಿಕೇಟಿನ ಮೇಲೆ ನನಗೆ ಎಷ್ಟು ಅಭಿಮಾನವೋ ಆ ಸಾಲಿನ ಮೇಲೂ ಅಷ್ಟೇ ಇದೆ. ಶಾಲಿನ ಮೇಲಿನ ಗ್ರೀಸಿನ ಕಲೆ ಎಷ್ಟು ತೊಳೆದರೂ ಹೋಗಲಿಲ್ಲ. ಚಳಿಗಾಲದಲ್ಲಿ ಅದನ್ನೇ ಹೊದೆಯುತ್ತೇನೆ.

ಕಳೆದ ತಿಂಗಳು ಬಿಳಿಕೆರೆಯಲ್ಲಿ ಹುಣಸೂರಿನ ಬಸ್ಸಿಗೆ ಕಾಯುತ್ತಿದ್ದೆ. ಮೈಸೂರಿನ ಕಡೆಯಿಂದ ಬಂದ ಒಂದು ಬಿಳಿ ಕಾರು ನನ್ನನ್ನು ದಾಟಿ, ನಿಂತು, ಹಿಂದಕ್ಕೆ ಬಂತು. ಎಡಗಡೆ ಬಾಗಿಲಿನಲ್ಲಿ ಆ ಉದ್ದನೆಯ ಗೀರು.

“ಹತ್ತಿ ಸಾ, ಹುಣ್ಸೂರ್‌ಗಂಟ ಬುಡ್ತೀವಿ!” ಎಂದರು ಸ್ಟೇರಿಂಗ್ ಹಿಡಿದಿದ್ದ ಜಯಮ್ಮ.

ಗೌಡರು ಅವರ ಪಕ್ಕದಲ್ಲಿ, ಮುಂದಿನ ಸೀಟಿನಲ್ಲಿದ್ದರು. ಬಾಗಿಲು ತೆಗೆದು, ಒಂದು ಕೋಲು ಊರಿಕೊಂಡು ತಾವೇ ಕೆಳಗಿಳಿದು, ನನಗೆ ಹಿಂದಿನ ಬಾಗಿಲು ತೆಗೆದುಕೊಟ್ಟರು. ಬೇಡ ಎಂದರೂ ಕೇಳಲಿಲ್ಲ.

“ಈಗ ಇಂದ್ಗಡೆ ಸೀಟು ಖಾಲಿ ಸಾ. ನಂದಲ್ಲ ಅದು,” ಎಂದರು.

ನಾನು ಅಲ್ಲಿ ಕೂತೆ. ಕಾರು ಹೊರಟಿತು. ಹಳೆಯ ಅಭ್ಯಾಸ, ಕಣ್ಣು ಮುಚ್ಚಿದೆ. ಮೊದಲನೇ ಹಂಪು, ಎರಡನೇ ಹಂಪು.

“ಜಯಮ್ಮ, ಹಿಂದೆ ಎಡಗಡೆ ಶಾಕ್ ಅಬ್ಸಾರ್ಬರ್ ಸ್ವಲ್ಪ…”

“ಗೊತ್ತು ಸಾ,” ಎಂದರು ಅವರು, ಕನ್ನಡಿಯಲ್ಲಿ ನನ್ನನ್ನು ನೋಡಿ. “ಮೊನ್ನೆ ಇವರ್‌ಗೆ ಓಡ್ಸಕ್ಕೆ ಕೊಟ್ಟು, ನಾನು ಇಂದೆ ಕುಂತ್ ನೋಡ್ದೆ.”